ಲ್ಯಾಬಿನಲ್ಲಿ ನಂಬರ್ ಕೊಡೋರು ಯಾರು?

ಮಕ್ಕಳೇ, ಈ ಸಲ ನಿಮಗೊಂದು ತಪ್ಪಿನ ಕಥೆ ಹೇಳ್ತೀನಿ. ತಪ್ಪು ನನ್ನದೇ. ಬೈಸಿಕೊಂಡವನು ಮಾತ್ರ ಒಬ್ಬ ಹುಡುಗ.

ಪೆನ್ನಾಗರಂ ಕಡೆಯ ಒಂದು ಶಾಲೆ. ಅಲ್ಲಿನ ಕಂಪ್ಯೂಟರ್ ಲ್ಯಾಬಿನಲ್ಲಿ 20 ಕಂಪ್ಯೂಟರ್‌ಗಳಿವೆ. ಪ್ರತಿಯೊಂದರಿಂದಲೂ ಒಂದು ನೀಲಿ ಕೇಬಲ್ ಹೊರಟು ಗೋಡೆಯ ಪೆಟ್ಟಿಗೆಯಲ್ಲಿರುವ ಸ್ವಿಚ್ಚಿಗೆ ಸೇರುತ್ತದೆ. (ದೀಪದ ಸ್ವಿಚ್ಚಲ್ಲ, ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ, 24 ತೂತುಗಳಿರುವ ಪೆಟ್ಟಿಗೆ. ಆ ತೂತುಗಳಿಗೆ ಪೋರ್ಟ್ ಅಂತಾರೆ.) ಆ ದಿನ ಬೆಳಿಗ್ಗೆ ಆನ್‌ಲೈನ್ ಕಿರುಪರೀಕ್ಷೆ ಇತ್ತು. 13 ಕಂಪ್ಯೂಟರ್‌ಗಳಲ್ಲಿ ಪ್ರಶ್ನೆಗಳು ಬಂದವು, 7ರಲ್ಲಿ ಬರಲಿಲ್ಲ. ಕೇಬಲ್ ಬಿಚ್ಚಿ ಹಾಕಿದೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ, ಏನೂ ಆಗಲಿಲ್ಲ. ಹಿಂದಿನ ದಿನ ಸಂಜೆ ಲ್ಯಾಬಿನಲ್ಲಿ ಕೊನೆಗೆ ಉಳಿದಿದ್ದವನು 9ನೇ ತರಗತಿಯ ಒಬ್ಬ ಹುಡುಗ. "ನೀನೇ ಏನೋ ಒತ್ತಿಬಿಟ್ಟಿದ್ದೀಯ" ಅಂತ ಎಲ್ಲರ ಎದುರಿಗೇ ಗದರಿಸಿಬಿಟ್ಟೆ.

ಅವನು ಎದುರು ಮಾತಾಡಲಿಲ್ಲ. ಒಂದೊಂದೇ ಕಂಪ್ಯೂಟರ್ ಹತ್ತಿರ ಹೋಗಿ ಏನೋ ನೋಡಿ, ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಂದ. "ಸಾರ್, ನೆಟ್ ಬರ್ತಾ ಇರೋದ್ರಲ್ಲಿ ನಂಬರ್ 192.168.10 ಅಂತ ಶುರುವಾಗುತ್ತೆ. ಬರದೇ ಇರೋದ್ರಲ್ಲಿ 192.168.1 ಅಂತ ಇದೆ. ಏಳರಲ್ಲೂ ಹಾಗೇ ಇದೆ ಸಾರ್" ಅಂದ.

ಅವನು ಕಂಡುಹಿಡಿದದ್ದು ಏನು, ಅದರಿಂದ ಕಳ್ಳ ಹೇಗೆ ಸಿಕ್ಕಿಬಿದ್ದ ಅಂತ ತಿಳಿಯಬೇಕಾದರೆ, ಮೊದಲು ಆ ನಂಬರ್ ಎಲ್ಲಿಂದ ಬರುತ್ತದೆ ಅನ್ನೋದು ಗೊತ್ತಿರಬೇಕು.

ಒಂದೇ ಕಂಪ್ಯೂಟರಿಗೆ ಎರಡು ಗುರುತು

ನಿಮಗೆ ಶಾಲೆಯಲ್ಲಿ ಎರಡು ನಂಬರ್ ಇದ್ದೇ ಇರುತ್ತೆ. ತಮಿಳುನಾಡಿನಲ್ಲಿ ಓದುವವರಿಗೆ ಎಮಿಸ್ ನಂಬರ್, ಕರ್ನಾಟಕದವರಿಗೆ ಸ್ಯಾಟ್ಸ್ ನಂಬರ್. ಇದು ತರಗತಿ ಬದಲಾದರೂ ಬದಲಾಗುವುದಿಲ್ಲ. ಇನ್ನೊಂದು ಹಾಜರಿ ಪುಸ್ತಕದ ನಂಬರ್. 8ನೇ ತರಗತಿಯಲ್ಲಿ 14 ಇದ್ದದ್ದು 9ಕ್ಕೆ ಹೋದಾಗ 17 ಆಗಬಹುದು. ಈ ತರಗತಿಯಲ್ಲಿ ನಿಮ್ಮ ಜಾಗ ಯಾವುದು ಅನ್ನೋದನ್ನಷ್ಟೇ ಅದು ಹೇಳುತ್ತದೆ.

ಕಂಪ್ಯೂಟರಿಗೂ ಹೀಗೇ. ಕಾರ್ಖಾನೆಯಲ್ಲೇ ಅದರ ನೆಟ್‌ವರ್ಕ್ ಕಾರ್ಡಿಗೆ ಬರುವ ಗುರುತನ್ನು ಮ್ಯಾಕ್ ವಿಳಾಸ ಅಂತಾರೆ. ಅದು 48 ಬಿಟ್ ಉದ್ದದ್ದು. ಕಂಪ್ಯೂಟರ್ ಯಾವ ಊರಿಗೆ ಹೋದರೂ ಕಾರ್ಡಿನ ಜೊತೆಗೇ ಹೋಗುತ್ತದೆ. ಎರಡನೆಯದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನ ಹಾಜರಿ ನಂಬರ್. ಇದು 32 ಬಿಟ್‌ನದು. ನಾಲ್ಕು ಭಾಗ ಮಾಡಿ, ನಡುವೆ ಚುಕ್ಕಿ ಇಟ್ಟು ಬರೆಯುತ್ತೇವೆ. ಒಂದೊಂದು ಭಾಗ 8 ಬಿಟ್. ಆದ್ದರಿಂದ ಪ್ರತಿ ಭಾಗವೂ 0ಯಿಂದ 255ರ ಒಳಗೇ ಇರುತ್ತದೆ. 192.168.10.300 ಅಂತ ಎಲ್ಲಾದರೂ ಕಂಡರೆ ಅದು ಸುಳ್ಳು ವಿಳಾಸ ಅಂತ ಕಣ್ಣು ಮುಚ್ಚಿ ಹೇಳಬಹುದು.

ನಮ್ಮ ಲ್ಯಾಬಿನ ವಿಳಾಸದಲ್ಲಿ ಮೊದಲ ಮೂರು ಭಾಗ ಬೀದಿಯ ಹೆಸರಿದ್ದ ಹಾಗೆ, ಕೊನೆಯದು ಮನೆ ನಂಬರ್ ಇದ್ದ ಹಾಗೆ. 192.168.10 ಅನ್ನೋದು ಒಂದು ಬೀದಿ, 192.168.1 ಅನ್ನೋದು ಬೇರೆಯದೇ ಬೀದಿ. ಎಲ್ಲಿಯವರೆಗೆ ಬೀದಿ, ಎಲ್ಲಿಂದ ಮನೆ ಅಂತ ಕಂಪ್ಯೂಟರಿಗೆ ತಿಳಿಸುವುದು 255.255.255.0 ಅನ್ನುವ ಇನ್ನೊಂದು ಸಂಖ್ಯೆ. ಅದರ ಹೆಸರು ಸಬ್‌ನೆಟ್ ಮಾಸ್ಕ್. 255 ಇರುವ ಕಡೆಯೆಲ್ಲ ಬೀದಿ, 0 ಇರುವ ಕಡೆ ಮನೆ.

ಕೈಯಲ್ಲಿ ಬರೆದರೆ ಆಗಲ್ವಾ?

ಆಗುತ್ತೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಒಂದೊಂದು ಕಂಪ್ಯೂಟರಿಗೂ ಕೈಯಾರೆ ವಿಳಾಸ ತುಂಬಬಹುದು. 4 ಕಂಪ್ಯೂಟರ್ ಇದ್ದರೆ ಸರಿ. 20 ಆದಾಗ ಯಾರಾದರೂ ಎರಡಕ್ಕೆ ಒಂದೇ ನಂಬರ್ ಕೊಟ್ಟುಬಿಡುತ್ತಾರೆ. ತರಗತಿಯಲ್ಲಿ ಇಬ್ಬರಿಗೂ 14 ಅಂತ ಬರೆದರೆ ಮೇಷ್ಟ್ರು 14 ಅಂದಾಗ ಇಬ್ಬರೂ ಎದ್ದು ನಿಲ್ಲೋದಿಲ್ವಾ? ಹಾಗೇ ಒಬ್ಬರಿಗೆ ಬರಬೇಕಾದ ಉತ್ತರ ಇನ್ನೊಬ್ಬರಿಗೆ ಹೋಗಿ ಎರಡೂ ಕಂಪ್ಯೂಟರ್ ಕೆಡುತ್ತವೆ.

ಈ ಕಷ್ಟ ನಮಗಿಂತ ಮೊದಲೇ ಬೇರೆಯವರಿಗೆ ಬಂದಿತ್ತು. 1985ರಲ್ಲಿ ಬೂಟ್‌ಪಿ ಅನ್ನುವ ಒಂದು ಪದ್ಧತಿ ಬಂತು. ಅದರಲ್ಲಿ ಕಂಪ್ಯೂಟರ್ ತಾನೇ ಕೇಳಿ ವಿಳಾಸ ಪಡೆಯುತ್ತಿತ್ತು. ಆದರೆ ಯಾವ ಮ್ಯಾಕ್ ವಿಳಾಸಕ್ಕೆ ಯಾವ ಐಪಿ ಅಂತ ಮೊದಲೇ ಒಬ್ಬರು ಕೂತು ಪಟ್ಟಿ ಬರೆದಿಡಬೇಕಿತ್ತು. ಹೊಸ ಕಂಪ್ಯೂಟರ್ ಬಂದರೆ ಪಟ್ಟಿಗೆ ಸೇರಿಸುವ ತನಕ ಕಾಯಬೇಕಿತ್ತು. 1993ರ ಅಕ್ಟೋಬರಿನಲ್ಲಿ ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಬರೆದ ಹೊಸ ಪದ್ಧತಿ ಪ್ರಕಟವಾಯಿತು. ಅದೇ ಡಿಎಚ್‌ಸಿಪಿ. ಇದರಲ್ಲಿ ಪಟ್ಟಿ ಬೇಕಿಲ್ಲ. ಒಂದು ರಾಶಿ ವಿಳಾಸ ಇಟ್ಟುಕೊಂಡು, ಕೇಳಿದವರಿಗೆ ಒಂದೊಂದನ್ನು ಸ್ವಲ್ಪ ಕಾಲಕ್ಕೆ ಕೊಡುವುದು, ಕಾಲ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳುವುದು. ಇಂದು ನಿಮ್ಮ ಮನೆಯ ಮೊಬೈಲ್ ವೈಫೈಗೆ ಸೇರುವಾಗಲೂ ನಡೆಯುವುದು ಇದೇ.

ನಾಲ್ಕು ಮಾತಿನಲ್ಲಿ ಮುಗಿಯುವ ವ್ಯವಹಾರ

ಕಂಪ್ಯೂಟರ್ ಈಗ ತಾನೇ ಆನ್ ಆಗಿದೆ ಅಂತಿಟ್ಟುಕೊಳ್ಳಿ. ಅದಕ್ಕೆ ವಿಳಾಸವೂ ಇಲ್ಲ, ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ. ಹೊಸ ಶಾಲೆಗೆ ಮೊದಲ ದಿನ ಬಂದ ಹುಡುಗನ ಹಾಗೆ ಬಾಗಿಲಲ್ಲಿ ನಿಂತು ಕೂಗುತ್ತೆ.

1. "ಇಲ್ಲಿ ನಂಬರ್ ಕೊಡೋರು ಯಾರಾದರೂ ಇದ್ದೀರಾ?" ಇದು ಎಲ್ಲರಿಗೂ ಕೇಳುವ ಕೂಗು. ಸ್ವಿಚ್ ಇದನ್ನು ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲ ಪೋರ್ಟ್‌ಗಳಿಗೂ ಕಳಿಸುತ್ತದೆ. ತನಗಿನ್ನೂ ವಿಳಾಸ ಇಲ್ಲವಾದ್ದರಿಂದ ಕಂಪ್ಯೂಟರ್ ಕಳಿಸಿದವರ ಜಾಗದಲ್ಲಿ 0.0.0.0 ಅಂತಲೂ, ತಲುಪಬೇಕಾದ ಜಾಗದಲ್ಲಿ 255.255.255.255 ಅಂತಲೂ ಬರೆಯುತ್ತದೆ. ಜೊತೆಗೆ ತನ್ನ ಮ್ಯಾಕ್ ವಿಳಾಸ ಹೇಳುತ್ತದೆ.

2. "ನಾನಿದ್ದೀನಿ. 192.168.10.21 ಖಾಲಿ ಇದೆ, ಬೇಕಾ?" ಇದು ವಿಳಾಸ ಕೊಡುವವರ ಉತ್ತರ. ಹೀಗೆ ಕೊಡುವ ಯಂತ್ರಕ್ಕೆ ಡಿಎಚ್‌ಸಿಪಿ ಸರ್ವರ್ ಅಂತ ಹೆಸರು.

3. "ಸರಿ, ಅದನ್ನೇ ಕೊಡಿ." ಇದನ್ನೂ ಕಂಪ್ಯೂಟರ್ ಎಲ್ಲರಿಗೂ ಕೇಳುವ ಹಾಗೇ ಹೇಳುತ್ತದೆ. ಬೇರೆ ಯಾರಾದರೂ ವಿಳಾಸ ಕೊಡಲು ಬಂದಿದ್ದರೆ ಅವರು ಸುಮ್ಮನಾಗಲಿ ಅಂತ.

4. "ಕೊಟ್ಟಿದ್ದೇನೆ, ಬರೆದುಕೊಂಡಿದ್ದೇನೆ. ಇಷ್ಟು ಗಂಟೆ ನಿನ್ನದು."

ಇಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಒಂದು ವಿಷಯ ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೊದಲ ಕೂಗಿಗೆ ಉತ್ತರ ಕೊಟ್ಟವರು ನಿಜವಾಗಿ ಶಾಲೆಯವರೋ ಬೀದಿಯಲ್ಲಿ ಹೋಗುವವರೋ ಅಂತ ಕಂಪ್ಯೂಟರ್ ವಿಚಾರಿಸುವುದಿಲ್ಲ. ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ನಂಬಿಬಿಡುತ್ತದೆ.

ಹೊಗೇನಕಲ್ಲಿನ ಲೈಫ್ ಜಾಕೆಟ್

ಸ್ವಲ್ಪ ಕಾಲಕ್ಕೆ ಕೊಡುವುದು ಅಂದೆನಲ್ಲ, ಅದಕ್ಕೆ ಲೀಸ್ ಅಂತಾರೆ. ಮನೆ ಲೀಸಿಗೆ ಕೊಡುತ್ತಾರಲ್ಲ, ಅದೇ ಮಾತು. ನೀವು ಹೊಗೇನಕಲ್ಲಿಗೆ ಬಂದಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತೆ. ಹರಿಗೋಲು (ನಮ್ಮ ಕಡೆ ಪರಿಸಲ್ ಅಂತೀವಿ) ಹತ್ತುವ ಮೊದಲು ಲೈಫ್ ಜಾಕೆಟ್ ಕೊಡುತ್ತಾರೆ. ಇಳಿದ ಮೇಲೆ ವಾಪಸ್ ಕೊಡಬೇಕು. ಬರುವ ಪ್ರತಿಯೊಬ್ಬರಿಗೂ ಹೊಸ ಜಾಕೆಟ್ ಕೊಳ್ಳಬೇಕಾಗಿಲ್ಲ. ಒಂದೇ ಹೊತ್ತಿಗೆ ಎಷ್ಟು ಜನ ನೀರಿನ ಮೇಲಿರುತ್ತಾರೋ ಅಷ್ಟಿದ್ದರೆ ಸಾಕು. ಆದರೆ ಇಳಿದವರು ಜಾಕೆಟ್ ಹಾಕಿಕೊಂಡೇ ಮೀನು ತಿನ್ನಲು ಹೋಗಿಬಿಟ್ಟರೆ? ದಡದಲ್ಲಿ ಕಾಯುತ್ತಿರುವವರಿಗೆ ಸಿಗುವುದಿಲ್ಲ.

ಕಂಪ್ಯೂಟರ್‌ಗಳು ಹೇಳದೆ ಕೇಳದೆ ಹೊರಟುಹೋಗುವುದೇ ಹೆಚ್ಚು. ಅದಕ್ಕೇ ಲೀಸಿಗೆ ಅವಧಿ ಇದೆ. 8 ಗಂಟೆಯ ಲೀಸ್ ಅಂತಿಟ್ಟುಕೊಳ್ಳಿ. ಅರ್ಧ ಅವಧಿ, ಅಂದರೆ 4 ಗಂಟೆ ಆದಾಗ ಕಂಪ್ಯೂಟರ್ ತಾನೇ ಸರ್ವರನ್ನು "ಇನ್ನೂ ಬೇಕು" ಅಂತ ಕೇಳುತ್ತದೆ. ಉತ್ತರ ಬಂದರೆ ಮತ್ತೆ ಪೂರ್ತಿ 8 ಗಂಟೆ ಸಿಗುತ್ತದೆ. ಬರದಿದ್ದರೆ, ಅವಧಿಯ 8ರಲ್ಲಿ 7 ಭಾಗ ಕಳೆದಾಗ, ಅಂದರೆ 7 ಗಂಟೆಗೆ, "ಯಾರಾದರೂ ಸರಿ, ಮುಂದುವರಿಸಿ" ಅಂತ ಎಲ್ಲರಿಗೂ ಕೂಗುತ್ತದೆ. ಆಗಲೂ ಉತ್ತರ ಇಲ್ಲದಿದ್ದರೆ 8 ಗಂಟೆಗೆ ವಿಳಾಸ ಬಿಟ್ಟುಕೊಡಲೇಬೇಕು. ಆಫ್ ಮಾಡಿ ಹೋದ ಕಂಪ್ಯೂಟರ್ ಕೇಳುವುದಿಲ್ಲ. ಅದರ ವಿಳಾಸ ಅವಧಿ ಮುಗಿದ ಮೇಲೆ ಇನ್ನೊಬ್ಬರಿಗೆ ಸಿಗುತ್ತದೆ.

ಇಷ್ಟೊಂದು ಮಿತವ್ಯಯ ಏಕೆ ಅಂತ ಕೇಳಬಹುದು. 32 ಬಿಟ್‌ನಲ್ಲಿ ಒಟ್ಟು 429,49,67,296 ವಿಳಾಸಗಳಷ್ಟೇ ಸಾಧ್ಯ, ಸುಮಾರು 429 ಕೋಟಿ. ಪ್ರಪಂಚದ ಜನಸಂಖ್ಯೆಗಿಂತ ಕಡಿಮೆ! ಪ್ರಪಂಚದ ಮುಖ್ಯ ಉಗ್ರಾಣದಲ್ಲಿ ಉಳಿದಿದ್ದ ಕೊನೆಯ 5 ದೊಡ್ಡ ಗಂಟುಗಳನ್ನು 2011ರ ಫೆಬ್ರವರಿ 3ರಂದು ಹಂಚಿ ಮುಗಿಸಿದರು. ಈಗ 128 ಬಿಟ್‌ನ ಹೊಸ ವಿಳಾಸಗಳೂ ಬಳಕೆಗೆ ಬಂದಿವೆ. ಅದರ ಜೊತೆಗೆ, 192.168 ಅಂತ ಶುರುವಾಗುವಂಥ ಕೆಲವು ವಿಳಾಸಗಳನ್ನು ಮನೆ, ಶಾಲೆ, ಕಚೇರಿಗಳ ಒಳಬಳಕೆಗೆ ಅಂತ ಮೀಸಲಿಟ್ಟಿದ್ದಾರೆ. ಅದಕ್ಕೇ ನಿಮ್ಮ ಮನೆಯಲ್ಲೂ ನಮ್ಮ ಲ್ಯಾಬಿನಲ್ಲೂ ಒಂದೇ ಬಗೆಯ ನಂಬರ್ ಕಾಣುವುದು. ಎಲ್ಲ ಊರಲ್ಲೂ ಒಂದು ಬಜಾರ್ ಬೀದಿ ಇರುವ ಹಾಗೆ.

ಸ್ವಿಚ್ಚಿಗೆ ಈ ಕೆಲಸ ಒಪ್ಪಿಸುವುದು

ಸ್ವಿಚ್‌ಗಳಲ್ಲಿ ಎರಡು ಬಗೆ. ಒಂದು ಬರೀ ತಂತಿ ಜೋಡಿಸುವಂಥದ್ದು, ಅದಕ್ಕೆ ನಾವು ಏನೂ ಹೇಳಿಕೊಡಲಾಗುವುದಿಲ್ಲ. ಇನ್ನೊಂದು ಮ್ಯಾನೇಜ್ಡ್ ಸ್ವಿಚ್, ಅಂದರೆ ನಾವು ಹೇಳಿದ ಹಾಗೆ ಕೇಳುವಂಥದ್ದು. ಇವುಗಳಲ್ಲಿ ಕೆಲವಕ್ಕೆ ವಿಳಾಸ ಹಂಚುವ ಕೆಲಸವೂ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಆ ಕೆಲಸವನ್ನು ರೌಟರಿಗೆ ಕೊಡುತ್ತಾರೆ. ನಮ್ಮ ಲ್ಯಾಬಿನ ಸ್ವಿಚ್ಚಿಗೆ ಗೊತ್ತಿತ್ತು. ನಾವು ಮಾಡಿದ ಕ್ರಮ ಹೀಗೆ:

ಮೊದಲನೆಯದು, ಕಾಗದದ ಮೇಲೆ ಲೆಕ್ಕ. 192.168.10 ಬೀದಿಯಲ್ಲಿ ಕೊನೆಯ ಅಂಕಿ 0ಯಿಂದ 255, ಒಟ್ಟು 256. ಇದರಲ್ಲಿ 0 ಬೀದಿಯ ಹೆಸರಿಗೆ ಹೋಯಿತು, 255 ಎಲ್ಲರಿಗೂ ಕೂಗಲು ಹೋಯಿತು. ಉಳಿದದ್ದು 254. 1ರಿಂದ 20ರವರೆಗೆ ಜಾಗ ಬಿಟ್ಟು ಹೋಗದ ಯಂತ್ರಗಳಿಗೆ ಇಟ್ಟೆವು: ರೌಟರಿಗೆ 1, ಸ್ವಿಚ್ಚಿಗೆ 2, ಪ್ರಿಂಟರಿಗೆ 10. ಹಂಚಲು 21ರಿಂದ 120, ಅಂದರೆ 100 ವಿಳಾಸ.

ಎರಡನೆಯದು, ಸ್ವಿಚ್ಚಿಗೆ ಅದರ ಸ್ವಂತ ವಿಳಾಸವನ್ನು ಕೈಯಾರೆ ಕೊಡುವುದು. ಹಂಚುವವನೇ ಬೇರೆಯವರ ಹತ್ತಿರ ಹೋಗಿ ನಂಬರ್ ಕೇಳುವ ಹಾಗಿಲ್ಲವಲ್ಲ. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಸ್ವಿಚ್ಚಿಗೆ ಜೋಡಿಸಿ, ಬ್ರೌಸರಿನಲ್ಲಿ ಅದರ ಸೆಟ್ಟಿಂಗ್ ಪುಟ ತೆರೆದು ಇದನ್ನು ಮಾಡುತ್ತಾರೆ. ಆಗಲೇ ಕಾರ್ಖಾನೆಯ ಪಾಸ್‌ವರ್ಡನ್ನೂ ಬದಲಾಯಿಸಬೇಕು.

ಮೂರನೆಯದು, 1ರಿಂದ 20ನ್ನು ಯಾರಿಗೂ ಕೊಡಬೇಡ ಅಂತ ಹೇಳುವುದು. ಇದನ್ನು ಮರೆತರೆ ಪ್ರಿಂಟರಿನ ನಂಬರನ್ನೇ ಒಂದು ದಿನ ಯಾವುದಾದರೂ ಕಂಪ್ಯೂಟರಿಗೆ ಕೊಟ್ಟುಬಿಡಬಹುದು.

ನಾಲ್ಕನೆಯದು, ವಿಳಾಸಗಳ ರಾಶಿ ಮಾಡುವುದು. ಇದಕ್ಕೆ ಪೂಲ್ ಅಂತಾರೆ. ಇಲ್ಲಿ ವಿಳಾಸದ ಜೊತೆ ಇನ್ನೂ ಮೂರು ಸಂಗತಿ ತುಂಬಬೇಕು. ಒಂದು, ಗೇಟ್‌ವೇ. ಪೆನ್ನಾಗರಂನಲ್ಲೇ ಇರುವ ಮನೆಗೆ ನಡೆದು ಹೋಗಬಹುದು. ಧರ್ಮಪುರಿಗೆ ಹೋಗಬೇಕಾದರೆ ಬಸ್ ಸ್ಟ್ಯಾಂಡಿಗೆ ಬರಬೇಕು. ನಮ್ಮ ನೆಟ್‌ವರ್ಕಿನ ಬಸ್ ಸ್ಟ್ಯಾಂಡು ರೌಟರ್, ಅದರ ವಿಳಾಸ 192.168.10.1. ಎರಡು, ಡಿಎನ್‌ಎಸ್. ನಾವು ಟೈಪ್ ಮಾಡುವ ವೆಬ್‌ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವ ಯಂತ್ರ ಎಲ್ಲಿದೆ ಅನ್ನೋದು. ಮೂರು, ಲೀಸಿನ ಅವಧಿ. ನಾವು 8 ಗಂಟೆ ಇಟ್ಟೆವು, ಒಂದು ಶಾಲಾ ದಿನಕ್ಕೆ ಸಾಕು.

ಐದನೆಯದು, ಸೇವೆಯನ್ನು ಶುರು ಮಾಡಿ, ಸೇವ್ ಮಾಡುವುದು. ಬಹಳಷ್ಟು ಸ್ವಿಚ್‌ಗಳಲ್ಲಿ ಹೇಳಿದ್ದೆಲ್ಲ ತಕ್ಷಣ ನಡೆಯುತ್ತದೆ, ಆದರೆ ಬೇರೆಯಾಗಿ ಸೇವ್ ಮಾಡದಿದ್ದರೆ ಕರೆಂಟ್ ಹೋಗಿ ಬಂದ ಕೂಡಲೇ ಎಲ್ಲ ಮರೆತುಹೋಗಿರುತ್ತದೆ. ನಮ್ಮ ಕಡೆ ಕರೆಂಟ್ ಹೋಗೋದು ಹೊಸದೇನಲ್ಲ ಅಲ್ವಾ!

ಕೊನೆಗೆ, ಒಂದು ಕಂಪ್ಯೂಟರ್ ಆನ್ ಮಾಡಿ ಅದಕ್ಕೆ 21ರ ಆಚೆಯ ನಂಬರ್ ಬಂದಿದೆಯಾ ನೋಡಬೇಕು. ಸ್ವಿಚ್ಚಿನ ಪುಟದಲ್ಲೂ ಯಾವ ಮ್ಯಾಕ್ ವಿಳಾಸಕ್ಕೆ ಯಾವ ಐಪಿ ಕೊಟ್ಟಿದೆ ಅನ್ನುವ ಪಟ್ಟಿ ಕಾಣುತ್ತದೆ. ಅದೇ ಅದರ ಹಾಜರಿ ಪುಸ್ತಕ.

ಹಾಗಾದರೆ ಆ ಏಳಕ್ಕೆ ಆಗಿದ್ದೇನು?

ಈಗ ಹುಡುಗನ ಕೈಮೇಲಿನ ಲೆಕ್ಕಕ್ಕೆ ಬನ್ನಿ. ನಮ್ಮ ಸ್ವಿಚ್ ಕೊಡುವುದು 192.168.10 ಬೀದಿಯ ವಿಳಾಸ ಮಾತ್ರ. ಏಳು ಕಂಪ್ಯೂಟರಿಗೆ 192.168.1 ಬೀದಿಯದ್ದು ಬಂದಿದೆ. ಅಂದರೆ ನಮ್ಮ ಸ್ವಿಚ್ ಅಲ್ಲದೆ ಇನ್ನೊಬ್ಬರು ಯಾರೋ ಲ್ಯಾಬಿನೊಳಗೆ ಕೂತು ನಂಬರ್ ಹಂಚುತ್ತಿದ್ದಾರೆ! ಆ ಹುಡುಗ ಏನನ್ನೇ ಒತ್ತಿದ್ದರೂ ಒಂದು ಕಂಪ್ಯೂಟರ್ ಕೆಡಬಹುದಿತ್ತು. ಏಳೂ ಒಂದೇ ರೀತಿ ಕೆಡುವುದಕ್ಕೆ ಅವನು ಕಾರಣನಾಗಿರಲು ಸಾಧ್ಯವಿರಲಿಲ್ಲ.

ಆಗ ನನಗೆ ನೆನಪಾಯಿತು. ಹಿಂದಿನ ದಿನ ಸಂಜೆ ಸ್ಟಾಫ್ ರೂಮಿಗೆ ವೈಫೈ ಬರಲಿ ಅಂತ ನಾನೇ ಮನೆಯಿಂದ ಒಂದು ಹಳೆಯ ರೌಟರ್ ತಂದು, ಸ್ವಿಚ್ಚಿನ ಖಾಲಿ ಪೋರ್ಟಿಗೆ ಚುಚ್ಚಿದ್ದೆ. ಮನೆಯ ರೌಟರಿಗೆ ವಿಳಾಸ ಹಂಚುವುದು ಹುಟ್ಟುಗುಣ. ಬೇಡ ಅಂತ ಹೇಳುವ ತನಕ ಹಂಚುತ್ತಲೇ ಇರುತ್ತದೆ. ಬೆಳಿಗ್ಗೆ ಕಂಪ್ಯೂಟರ್‌ಗಳು "ನಂಬರ್ ಕೊಡೋರು ಯಾರು?" ಅಂತ ಕೂಗಿದಾಗ ಸ್ವಿಚ್ಚೂ ಉತ್ತರ ಕೊಟ್ಟಿತು, ನನ್ನ ರೌಟರೂ ಕೊಟ್ಟಿತು. ರೌಟರಿನ ಉತ್ತರ ಮೊದಲು ತಲುಪಿದ ಕಂಪ್ಯೂಟರ್‌ಗಳು ಆ ಏಳು. ಅವಕ್ಕೆ ಅದು ತನ್ನ ಬೀದಿಯ ನಂಬರ್ ಕೊಟ್ಟು, "ಬಸ್ ಸ್ಟ್ಯಾಂಡ್ ನಾನೇ" ಅಂತಲೂ ಹೇಳಿಬಿಟ್ಟಿತು. ಆದರೆ ಅದಕ್ಕೆ ಇಂಟರ್ನೆಟ್ಟಿನ ತಂತಿಯೇ ಇರಲಿಲ್ಲ. ಬಸ್ಸೇ ಬರದ ಸ್ಟ್ಯಾಂಡಿನಲ್ಲಿ ಏಳು ಕಂಪ್ಯೂಟರ್ ಕಾಯುತ್ತಾ ನಿಂತವು.

ರೌಟರಿನ ಕೇಬಲ್ ಕಿತ್ತೆ. ಏಳನ್ನೂ ಆಫ್ ಮಾಡಿ ಆನ್ ಮಾಡಿದೆವು. ಏಳರಲ್ಲೂ 192.168.10 ಬಂತು, ಪ್ರಶ್ನೆಗಳೂ ಬಂದವು.

ಮತ್ತೆ ಹೀಗಾಗದ ಹಾಗೆ

ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಇದಕ್ಕೆಂದೇ ಒಂದು ಕಾವಲು ಇರುತ್ತದೆ, ಹೆಸರು ಡಿಎಚ್‌ಸಿಪಿ ಸ್ನೂಪಿಂಗ್. ಅದನ್ನು ಆನ್ ಮಾಡಿದರೆ ಸ್ವಿಚ್ ಪ್ರತಿ ಪೋರ್ಟನ್ನೂ ಗಮನಿಸುತ್ತದೆ. "ನಂಬರ್ ಬೇಕು" ಅನ್ನುವ ಕೂಗು ಯಾವ ಪೋರ್ಟಿನಿಂದ ಬೇಕಾದರೂ ಬರಬಹುದು. ಆದರೆ "ನಂಬರ್ ತಗೋ" ಅನ್ನುವ ಮಾತು ನಾವು ನಂಬಿಕೆಯ ಪೋರ್ಟ್ ಅಂತ ಗುರುತು ಹಾಕಿದ ಕಡೆಯಿಂದ ಮಾತ್ರ ಬರಬೇಕು. ಬೇರೆ ಕಡೆಯಿಂದ ಬಂದರೆ ಅಲ್ಲೇ ಎಸೆದುಬಿಡುತ್ತದೆ. ವಿಳಾಸ ಕೊಡುವ ಸರ್ವರ್ ಬೇರೆ ಕಡೆ ಇದ್ದರೆ, ಅದು ಸೇರಿರುವ ಪೋರ್ಟಿಗೆ ಮಾತ್ರ ನಂಬಿಕೆಯ ಗುರುತು ಹಾಕಬೇಕು. ಆ ವಾರವೇ ನಮ್ಮ ಸ್ವಿಚ್ಚಿನಲ್ಲಿ ಇದನ್ನು ಆನ್ ಮಾಡಿದೆವು. ಆಮೇಲೆ ಪರೀಕ್ಷೆಗೆಂದು ಅದೇ ಹಳೆಯ ರೌಟರನ್ನು ಬೇಕೆಂದೇ ಚುಚ್ಚಿ ನೋಡಿದೆವು. ಒಂದು ಕಂಪ್ಯೂಟರೂ ಅದರ ಮಾತಿಗೆ ಮರುಳಾಗಲಿಲ್ಲ.

ನಂಬರ್ ನೋಡಿ ರೋಗ ಹೇಳಿ

ನಿಮ್ಮ ಶಾಲೆಯಲ್ಲಿ ನೆಟ್ ಬರದಿದ್ದಾಗ ಮೊದಲು ವಿಳಾಸ ನೋಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಟೈಪ್ ಮಾಡಿದರೆ ಕಾಣುತ್ತದೆ. ಮೊಬೈಲಿನಲ್ಲಾದರೆ ಸೆಟ್ಟಿಂಗ್ಸ್ ಒಳಗೆ ವೈಫೈ ಹೆಸರಿನ ವಿವರದಲ್ಲಿರುತ್ತದೆ.

ನಿಮ್ಮ ಬೀದಿಯ ನಂಬರೇ ಇದ್ದರೆ ವಿಳಾಸ ಹಂಚುವ ಕೆಲಸ ಸರಿಯಾಗಿದೆ. ತೊಂದರೆ ಬಹುಶಃ ರೌಟರಿನಲ್ಲೋ ಹೊರಗಿನ ಲೈನಿನಲ್ಲೋ ಇದೆ.

169.254 ಅಂತ ಶುರುವಾಗಿದ್ದರೆ, ಕಂಪ್ಯೂಟರ್ ಕೂಗಿ ಕೂಗಿ ಯಾರೂ ಉತ್ತರ ಕೊಡದೆ ತಾನೇ ಒಂದು ನಂಬರ್ ಹಾಕಿಕೊಂಡಿದೆ ಅಂತ ಅರ್ಥ. ಕೇಬಲ್, ಸ್ವಿಚ್, ವಿಳಾಸಗಳ ರಾಶಿ ಖಾಲಿಯಾಗಿದೆಯಾ ಅನ್ನೋದನ್ನು ನೋಡಬೇಕು.

ಬೇರೆ ಬೀದಿಯ ನಂಬರ್ ಇದ್ದರೆ, ಎಲ್ಲೋ ಇನ್ನೊಬ್ಬ ಹಂಚುವವನು ಸೇರಿಕೊಂಡಿದ್ದಾನೆ. ಗೇಟ್‌ವೇ ಅಂತ ಬರೆದಿರುವ ನಂಬರ್ ನೋಡಿದರೆ ಅವನ ವಿಳಾಸವೂ ಸಾಮಾನ್ಯವಾಗಿ ಸಿಗುತ್ತದೆ.

ನೋಡಿ, ಬರೆದುಕೊಳ್ಳಿ, ಮೇಷ್ಟ್ರಿಗೆ ಹೇಳಿ. ಸ್ವಿಚ್ಚಿನ ಸೆಟ್ಟಿಂಗ್ ಮಾತ್ರ ಕೇಳದೆ ಮುಟ್ಟಬೇಡಿ.

ಒಂದು ಲೆಕ್ಕ

ನಮ್ಮ ರಾಶಿಯಲ್ಲಿ 100 ವಿಳಾಸ. ಲ್ಯಾಬಿನ ಕಂಪ್ಯೂಟರ್‌ಗಳೇ 20ನ್ನು ಹಿಡಿದುಕೊಂಡಿವೆ. ಲೀಸ್ 8 ಗಂಟೆಯ ಬದಲು 8 ದಿನ ಇಟ್ಟಿದ್ದೇವೆ ಅಂತಿಟ್ಟುಕೊಳ್ಳಿ. ಶಾಲೆಗೆ ದಿನಕ್ಕೆ 30 ಹೊಸ ಮೊಬೈಲ್ ಬಂದು ವೈಫೈ ಸೇರಿ ಹೋಗುತ್ತವೆ, ಬಂದ ಮೊಬೈಲ್ ಮತ್ತೆ ಬರುವುದಿಲ್ಲ. ಎಷ್ಟನೇ ದಿನ ವಿಳಾಸ ಖಾಲಿಯಾಗುತ್ತದೆ? 8 ಗಂಟೆಯೇ ಇದ್ದರೆ ಖಾಲಿಯಾಗುತ್ತದೆಯೇ? (ಉತ್ತರ: ಉಳಿದದ್ದು 80. ಎರಡು ದಿನಕ್ಕೆ 60 ಹೋಯಿತು. ಮೂರನೇ ದಿನ 20 ಮೊಬೈಲಿಗೆ ಸಿಗುತ್ತದೆ, ಉಳಿದ 10ಕ್ಕೆ ಇಲ್ಲ. 8 ಗಂಟೆ ಇದ್ದರೆ ಮರುದಿನ ಬೆಳಿಗ್ಗೆಗೆ ಎಲ್ಲ ವಾಪಸ್ ಬಂದಿರುತ್ತವೆ, ಖಾಲಿಯಾಗುವುದಿಲ್ಲ.)

ಕೊನೆಗೊಂದು ಮಾತು. ಮರುದಿನ ಪ್ರಾರ್ಥನೆ ಮುಗಿದ ಮೇಲೆ, ಬೈದದ್ದು ಎಲ್ಲರ ಎದುರಿಗೆ ಆದ್ದರಿಂದ, ಎಲ್ಲರ ಎದುರಿಗೇ ಆ ಹುಡುಗನಲ್ಲಿ ಕ್ಷಮೆ ಕೇಳಿದೆ. ನಾನು ಅವತ್ತು ಮೊದಲು ಬಂದ ಉತ್ತರವನ್ನೇ ನಂಬಿದೆ, ಆ ಏಳು ಕಂಪ್ಯೂಟರ್‌ಗಳ ಹಾಗೆಯೇ. ಅವನು ನಂಬುವ ಮೊದಲು ಇಪ್ಪತ್ತೂ ಕಂಪ್ಯೂಟರಿನ ನಂಬರ್ ನೋಡಿ, ಬರೆದುಕೊಂಡು, ಹೋಲಿಸಿದ. ವಿಜ್ಞಾನದ ಮೇಷ್ಟ್ರು ಮಾಡಬೇಕಾದ ಕೆಲಸವನ್ನು ವಿದ್ಯಾರ್ಥಿ ಮಾಡಿದ್ದ. ಈಗ ನಮ್ಮ ಲ್ಯಾಬಿನ ವಿಳಾಸದ ನೋಟ್‌ಬುಕ್ ಅವನ ಹತ್ತಿರವೇ ಇದೆ. ಸ್ವಿಚ್ಚಿಗೆ ಏನನ್ನಾದರೂ ಚುಚ್ಚಬೇಕಾದರೆ ನಾನೂ ಅವನನ್ನು ಕೇಳಿಯೇ ಚುಚ್ಚುತ್ತೇನೆ.